ಅಕೋಟಿಯಮೈಡ್: ಎದೆಯುರಿಗಲ್ಲ, ಊಟದ ನಂತರದ ಭಾರಕ್ಕೆ

‘ಗ್ಯಾಸ್ಟ್ರಿಕ್’ ಎಂಬ ಒಂದೇ ಮಾತಿನಲ್ಲಿ ನಾವು ಮೂರ್ನಾಲ್ಕು ತೊಂದರೆಗಳನ್ನು ತುಂಬಿಟ್ಟಿದ್ದೇವೆ. ಎದೆಯುರಿ, ಹುಳಿತೇಗು, ಹೊಟ್ಟೆಯ ಮೇಲ್ಭಾಗದ ಉರಿನೋವು, ಊಟವಾಗಿ ಮೂರು ಗಂಟೆಯಾದರೂ ಇಳಿಯದ ಭಾರ, ಎಲ್ಲಕ್ಕೂ ಅದೇ ಹೆಸರು, ಮೆಡಿಕಲ್ ಶಾಪಿನಲ್ಲಿ ಅದೇ ಕ್ಯಾಪ್ಸೂಲು. ಅಕೋಟಿಯಮೈಡ್ ಎಂಬ ಮಾತ್ರೆ ಕೆಲಸ ಮಾಡುವುದು ಈ ಪಟ್ಟಿಯ ಕೊನೆಯದರ ಮೇಲೆ ಮಾತ್ರ. ಅದು ತಿಳಿಯದೆ ಎದೆಯುರಿಗೆ ನುಂಗಿ ‘ಇದು ವೇಸ್ಟು’ ಎಂದು ಅರ್ಧ ಸ್ಟ್ರಿಪ್ಪಿಗೆ ಬಿಟ್ಟವರ ಮಾತು ನಂಬಬೇಡಿ.

ಮೊದಲ ತುತ್ತು ಇಳಿಯುತ್ತಿದ್ದಂತೆ ಜಠರದ ಮೇಲ್ಭಾಗ ಸಡಿಲವಾಗಿ ಹಿಗ್ಗಿ ಜಾಗ ಮಾಡಿಕೊಡಬೇಕು. ಆಮೇಲೆ ಕೆಳಭಾಗ ಅರೆದು, ಸ್ವಲ್ಪಸ್ವಲ್ಪವೇ ಸಣ್ಣ ಕರುಳಿಗೆ ತಳ್ಳಬೇಕು. ಮೇಲ್ಭಾಗ ಹಿಗ್ಗದಿದ್ದರೆ ಅರ್ಧ ಮುದ್ದೆಗೇ ಸಾಕಾಗುತ್ತದೆ. ಕೆಳಭಾಗ ನಿಧಾನವಾದರೆ ಮಧ್ಯಾಹ್ನದ ಊಟ ಸಂಜೆಯವರೆಗೂ ಹೊಟ್ಟೆಯಲ್ಲೇ ಕೂತಂತಿರುತ್ತದೆ. ಎಂಡೋಸ್ಕೋಪಿಯಲ್ಲಿ ಹುಣ್ಣಿಲ್ಲ, ಗಡ್ಡೆಯಿಲ್ಲ, ರಿಪೋರ್ಟ್ ‘ನಾರ್ಮಲ್’. ಇದನ್ನೇ ಫಂಕ್ಷನಲ್ ಡಿಸ್ಪೆಪ್ಸಿಯಾ ಎನ್ನುವುದು. ಇಂಥ ಕಾಯಿಲೆ ಗುರುತಿಸಲು ತಜ್ಞರು ಹಾಕಿಕೊಂಡ 2016ರ ರೋಮ್ ಮಾನದಂಡದ ಪ್ರಕಾರ ಊಟದ ನಂತರದ ಭಾರ ಅಥವಾ ಬೇಗ ಹೊಟ್ಟೆ ತುಂಬುವುದು ವಾರಕ್ಕೆ ಕನಿಷ್ಠ 3 ದಿನ ಇರಬೇಕು, ಕಳೆದ 3 ತಿಂಗಳಿಂದ ಕಾಡುತ್ತಿರಬೇಕು, ಶುರುವಾಗಿ 6 ತಿಂಗಳಾದರೂ ಆಗಿರಬೇಕು. ಮದುವೆಯೂಟ ಮುಗಿಸಿ ಎರಡು ದಿನ ಹೊಟ್ಟೆ ಹಿಡಿದುಕೊಂಡದ್ದು ಈ ಲೆಕ್ಕಕ್ಕೆ ಬರುವುದಿಲ್ಲ.

ಜಠರದ ನರತುದಿಗಳಿಂದ ಸಂದೇಶ ಹೊತ್ತು ಹೊರಡುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಒಡೆಯುವ ಕಿಣ್ವವನ್ನು ಈ ಮದ್ದು ತಡೆಯುತ್ತದೆ. ಸಂದೇಶ ಹೆಚ್ಚು ಹೊತ್ತು ಉಳಿಯುತ್ತದೆ. ಜಠರ ಹಿಗ್ಗುವುದೂ ಖಾಲಿಯಾಗುವುದೂ ಸುಧಾರಿಸುತ್ತದೆ. ಆಮ್ಲದ ತಂಟೆಗೆ ಇದು ಹೋಗುವುದಿಲ್ಲ. ಜಪಾನಿನಲ್ಲಿ ಈ ಕಾಯಿಲೆಗೆಂದೇ 2013ರಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ಅಲ್ಲಿನ ಡೋಸ್ 100 ಮಿಲಿಗ್ರಾಂ, ದಿನಕ್ಕೆ ಮೂರು ಸಲ, ಊಟಕ್ಕೆ ಮುಂಚೆ. ನಮ್ಮಲ್ಲಿ ಇದರ ಜೊತೆಗೆ ದಿನಕ್ಕೊಂದು ನುಂಗುವ 300 ಮಿಲಿಗ್ರಾಂನ ನಿಧಾನ ಬಿಡುಗಡೆಯ ಮಾತ್ರೆಯೂ ಇದೆ. ಅದನ್ನು ಮುರಿಯಬಾರದು, ಅಗಿಯಬಾರದು. ಎರಡೂ ವೈದ್ಯರ ಚೀಟಿಯ ಮೇಲೆ ಕೊಳ್ಳಬೇಕಾದವು.

ಎಷ್ಟು ಪ್ರಯೋಜನ? ಜಪಾನಿನ ಮೂರನೇ ಹಂತದ ಪ್ರಯೋಗದಲ್ಲಿ 897 ರೋಗಿಗಳಿದ್ದರು, ಅವಧಿ 4 ವಾರ. ಮದ್ದು ತೆಗೆದುಕೊಂಡವರಲ್ಲಿ 52.2% ಜನ ‘ಸುಧಾರಿಸಿದೆ’ ಎಂದರು, ಹೋಲಿಕೆಗೆಂದು ಕೊಟ್ಟ, ಮದ್ದೇ ಇಲ್ಲದ ಖೊಟ್ಟಿ ಮಾತ್ರೆ (ಪ್ಲಸೀಬೊ) ನುಂಗಿದವರಲ್ಲಿ 34.8%. ಅಂದರೆ ಸುಮಾರು ಆರು ಜನ ನುಂಗಿದರೆ ಅವರಲ್ಲಿ ಒಬ್ಬರಿಗೆ ಮದ್ದಿನಿಂದಲೇ ಬಂದ ಲಾಭ. ಭಾರ, ಉಬ್ಬರ, ಬೇಗ ಹೊಟ್ಟೆ ತುಂಬುವುದು, ಈ ಮೂರೂ ಪೂರ್ತಿ ಹೋದದ್ದು 15.3% ಜನರಿಗೆ, ಖೊಟ್ಟಿ ಮಾತ್ರೆಯಲ್ಲಿ 9%. ಸಾಧಾರಣ ಫಲ ಎನ್ನಲೇಬೇಕು. ಆದರೆ ಸ್ಪರ್ಧೆಯೇನು ಬಲವಾಗಿದೆ? ಇದೇ ತೊಂದರೆಗೆ ಪ್ರಯೋಗಿಸಿದ ಇನ್ನೊಂದು ಮದ್ದು ಇಟೊಪ್ರೈಡ್ 2006ರ ಎರಡನೇ ಹಂತದಲ್ಲಿ ಮಿಂಚಿ, 2008ರಲ್ಲಿ ಪ್ರಕಟವಾದ ಮೂರನೇ ಹಂತದಲ್ಲಿ ಖೊಟ್ಟಿ ಮಾತ್ರೆಯನ್ನು ಮೀರಿಸಲಾಗದೆ ಸೋತಿತು. ಅಕೋಟಿಯಮೈಡ್‌ನ ಇನ್ನೊಂದು ಸಮಾಧಾನ: ನಿಲ್ಲಿಸಿದ 4 ವಾರಗಳ ನಂತರವೂ ಎರಡು ಗುಂಪುಗಳ ವ್ಯತ್ಯಾಸ ಉಳಿದಿತ್ತು. ಯುರೋಪಿನಲ್ಲಿ ಒಂದು ವರ್ಷ ಕೊಟ್ಟು ನೋಡಿದ್ದೂ ಇದೆ. ಅಲ್ಲಿ ಹೋಲಿಕೆಗೆ ಖೊಟ್ಟಿ ಮಾತ್ರೆಯ ಗುಂಪು ಇರಲಿಲ್ಲವಾದ್ದರಿಂದ ಅದನ್ನು ಸುರಕ್ಷತೆಯ ಸಾಕ್ಷಿ ಎಂದು ಓದಬಹುದು, ಫಲದ ಸಾಕ್ಷಿ ಎಂದಲ್ಲ.

ಖೊಟ್ಟಿ ಮಾತ್ರೆಗೇ ಮೂರರಲ್ಲಿ ಒಬ್ಬರು ಸುಧಾರಿಸುತ್ತಾರೆ ಎಂದ ಮೇಲೆ ‘ಏನೋ ಪರವಾಗಿಲ್ಲ ಅನಿಸುತ್ತೆ’ ಎಂಬ ಅಂದಾಜು ನಂಬಿ ಕೂರಲಾಗದು. ಬರೆದಿಡಬೇಕು. ಮಾತ್ರೆ ಶುರುವಾಗುವ ಮುಂಚಿನ ಒಂದು ವಾರ, ಏನೂ ಬದಲಿಸದೆ, ರಾತ್ರಿ ಮಲಗುವ ಮುನ್ನ ಭಾರ, ಉಬ್ಬರ, ಬೇಗ ತುಂಬುವಿಕೆ ಮೂರಕ್ಕೂ 0ಯಿಂದ 3ರವರೆಗೆ ಅಂಕ ಹಾಕಿ. ದಿನಕ್ಕೆ ಹೆಚ್ಚೆಂದರೆ 9, ವಾರಕ್ಕೆ 63. ಇದು ನಮ್ಮ ಸರಳ ಲೆಕ್ಕ, ಆಸ್ಪತ್ರೆಯ ಅಳತೆಗೋಲಲ್ಲ. ಮಾತ್ರೆ ಶುರುವಾದ ನಾಲ್ಕನೇ ವಾರದ ಮೊತ್ತವನ್ನು ಮಾತ್ರೆಗೆ ಮುಂಚಿನ ಆ ವಾರದ ಮೊತ್ತದ ಪಕ್ಕ ಇಟ್ಟು ನೋಡಿ. 40 ಇದ್ದದ್ದು 20ಕ್ಕೆ ಬಂದಿದ್ದರೆ ಮುಂದುವರಿಸಲು ಕಾರಣವಿದೆ. 36 ಆಗಿದ್ದರೆ ಇಲ್ಲ. ಒಂದು ತಿಂಗಳಲ್ಲಿ ಸುಧಾರಣೆ ಕಾಣದಿದ್ದರೆ ನಿಲ್ಲಿಸುವುದನ್ನು ಯೋಚಿಸಿ ಎಂದು ಜಪಾನಿನ ಲೇಬಲ್ಲೇ ಹೇಳುತ್ತದೆ. ಕೆಟ್ಟ ಅಭ್ಯಾಸವೆಂದರೆ ಎಣಿಸದೆ ವರ್ಷಗಟ್ಟಲೆ ನುಂಗುವುದು.

ಪರೀಕ್ಷೆ ಕೆಡುವ ದಾರಿಗಳೂ ಗೊತ್ತಿರಲಿ. ಊಟವಾದ ಮೇಲೆ ನೆನಪಾಗಿ ನುಂಗುವುದು ಒಂದು. ಜಠರ ಹಿಗ್ಗಬೇಕಾದ ಹೊತ್ತು ಅಷ್ಟರಲ್ಲಿ ಮುಗಿದಿರುತ್ತದೆ. ತಪ್ಪಿದ ಮಾತ್ರೆಗೆ ಮುಂದಿನ ಸಲ ಎರಡು ನುಂಗಬೇಡಿ. ಅದೇ ವಾರ ಕಾಫಿ ಬಿಟ್ಟು, ರಾತ್ರಿ ಊಟ ಏಳಕ್ಕೆ ತಂದು, ವಾಕಿಂಗೂ ಶುರು ಮಾಡಿದರೆ ಫಲ ಯಾವುದರದ್ದು ಎಂದು ದೇವರೇ ಹೇಳಬೇಕು. ಎಲ್ಲಕ್ಕಿಂತ ಹೆಚ್ಚು ಕಣ್ತಪ್ಪುವುದು ಹೊಟ್ಟೆನೋವಿಗೆಂದು ಮನೆಯ ಡಬ್ಬಿಯಲ್ಲಿರುವ ಡೈಸೈಕ್ಲೋಮಿನ್ ಮಾತ್ರೆ. ಅದು ಅಸಿಟೈಲ್‌ಕೋಲಿನ್ ಸಂದೇಶವನ್ನೇ ತಡೆಯುತ್ತದೆ. ಒಂದು ಕೈಯಲ್ಲಿ ಆಕ್ಸಿಲರೇಟರ್, ಇನ್ನೊಂದರಲ್ಲಿ ಬ್ರೇಕ್. ಮರೆವಿನ ಕಾಯಿಲೆಗೆ ಡೊನೆಪೆಜಿಲ್ ತೆಗೆದುಕೊಳ್ಳುವ ಹಿರಿಯರಿಗೆ ಇದು ಉಲ್ಟಾ: ಎರಡೂ ಒಂದೇ ಕಿಣ್ವವನ್ನು ತಡೆಯುವುದರಿಂದ ಪರಿಣಾಮ ಕೂಡಿಕೊಳ್ಳಬಹುದು. ವೈದ್ಯರಿಗೆ ಹೇಳದೆ ಶುರು ಮಾಡಕೂಡದು.

ಅಡ್ಡಪರಿಣಾಮವೆಂದರೆ ಭೇದಿ ಅಥವಾ ಮಲಬದ್ಧತೆ, ವಾಕರಿಕೆ, ತಲೆನೋವು. ರಕ್ತಪರೀಕ್ಷೆಯಲ್ಲಿ ಎಎಲ್‌ಟಿ ಎಂಬ ಯಕೃತ್ತಿನ ಕಿಣ್ವ ಮತ್ತು ಪ್ರೊಲ್ಯಾಕ್ಟಿನ್ ಹಾರ್ಮೋನಿನ ಏರಿಕೆ ಕೆಲವರಲ್ಲಿ ಕಂಡಿದೆ. ಆದರೂ ಹಳೆಯ ಮದ್ದುಗಳ ಪಕ್ಕ ಇಟ್ಟರೆ ಇದು ಸೌಮ್ಯ. ಲೆವೊಸಲ್ಪಿರೈಡ್ ಮಿದುಳಿನಲ್ಲೂ ಸಂದೇಶ ಒಯ್ಯುವ ಡೋಪಮಿನ್ ಅನ್ನು ತಡೆಯುತ್ತದೆ. ತಿಂಗಳುಗಟ್ಟಲೆ ನುಂಗಿದ ವಯಸ್ಸಾದವರಲ್ಲಿ ಕೈನಡುಕ, ಪಾರ್ಕಿನ್ಸನ್‌ನಂಥ ಬಿಗಿತ, ಹೆಂಗಸರಲ್ಲಿ ಮುಟ್ಟಿನ ಏರುಪೇರು ಬರಬಹುದು. ಡೊಂಪೆರಿಡೋನ್ ಹೃದಯದ ಲಯ ಕೆಡಿಸುವ ಅಪಾಯದಿಂದಾಗಿ ಯುರೋಪಿನ ನಿಯಂತ್ರಕರು 2014ರಲ್ಲಿ ಅದನ್ನು ವಾಕರಿಕೆ, ವಾಂತಿಗೆ ಸೀಮಿತಗೊಳಿಸಿದರು: 10 ಮಿಲಿಗ್ರಾಂ, ದಿನಕ್ಕೆ ಹೆಚ್ಚೆಂದರೆ ಮೂರು ಸಲ, ಸಾಮಾನ್ಯವಾಗಿ ಒಂದು ವಾರ ಮೀರದಂತೆ. ಉಬ್ಬರಕ್ಕೆ, ಎದೆಯುರಿಗೆ ಕೊಡಬೇಡಿ ಎಂದರು. ನಮ್ಮಲ್ಲಿ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಜೊತೆ 30 ಮಿಲಿಗ್ರಾಂ ಡೊಂಪೆರಿಡೋನ್ ಬೆರೆತ ಕ್ಯಾಪ್ಸೂಲನ್ನು ಜನ ಬೆಳಗಿನ ಕಾಫಿಗಿಂತ ನಿಯತ್ತಾಗಿ ವರ್ಷಪೂರ್ತಿ ನುಂಗುತ್ತಾರೆ.

ಉರಿನೋವೇ ಮುಖ್ಯವಾಗಿದ್ದವರಿಗೆ ಅಕೋಟಿಯಮೈಡ್ ಸೂಕ್ತವಲ್ಲ. ಅವರಿಗೆ ಆಮ್ಲ ತಗ್ಗಿಸುವ ಮಾತ್ರೆಯೇ ಮೊದಲ ಹೆಜ್ಜೆ. ಯಾರೇ ಆಗಲಿ, ಶುರು ಮಾಡುವ ಮೊದಲು ಜಠರಕ್ಕೆ ಸೋಂಕು ತರುವ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾದ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಉಸಿರಿನ ಅಥವಾ ಮಲದ ಪರೀಕ್ಷೆಗೆ 2 ವಾರ ಮುಂಚೆ ಪ್ಯಾಂಟೊಪ್ರಜೋಲ್ ಗುಂಪಿನ ಮಾತ್ರೆ ನಿಲ್ಲಿಸಿರಬೇಕು, ಆ್ಯಂಟಿಬಯಾಟಿಕ್ ಬಿಟ್ಟು 4 ವಾರ ಆಗಿರಬೇಕು. ಇಲ್ಲದಿದ್ದರೆ ಸೋಂಕಿದ್ದರೂ ‘ಇಲ್ಲ’ ಎಂದು ಬರಬಹುದು. ತೂಕ ಇಳಿಯುತ್ತಿದ್ದರೆ, ಮಲ ಟಾರಿನಂತೆ ಕಪ್ಪಗಿದ್ದರೆ, ನುಂಗಲು ಕಷ್ಟವಾದರೆ, ಪದೇ ಪದೇ ವಾಂತಿಯಾದರೆ, ರಕ್ತಹೀನತೆ ಕಂಡರೆ ಅಂಕ ಬರೆಯುತ್ತ ನಾಲ್ಕು ವಾರ ಕಾಯಬೇಡಿ. ಆಗ ಬೇಕಾದದ್ದು ಎಂಡೋಸ್ಕೋಪಿ.