ಬಿಪಿ ಮಷೀನ್ ಒಳ್ಳೇದೇ, ಆದ್ರೆ ಪಟ್ಟಿ ಅಪ್ಪನ ತೋಳಿಗೆ ಆಗ್ಲಿಲ್ಲ (ಮೂರೂವರೆ ಸ್ಟಾರ್)

ಆರ್ಡರ್ ಮಾಡೋಕ್ ಮುಂಚೆ ಟೈಲರ್ ಟೇಪ್ ತಗೊಂಡು ತೋಳಿನ ಸುತ್ತಳತೆ ನೋಡ್ಕೊಳಿ. ಇದನ್ನ ಯಾರಾದ್ರೂ ನಂಗೆ ಮೊದ್ಲೇ ಹೇಳಿದ್ದಿದ್ರೆ ಒಂದು ರಾತ್ರಿ ನಿದ್ದೆ, ಆಟೋ ಚಾರ್ಜು, ಅಮ್ಮನ ಕಣ್ಣೀರು ಎಲ್ಲಾ ಉಳೀತಿತ್ತು.

ಅಪ್ಪಂಗೆ 66 ವರ್ಷ, ಬಿಪಿ ಮಾತ್ರೆ ಶುರುವಾಗಿ ಎರಡು ವರ್ಷ ಆಯ್ತು. ಕ್ಲಿನಿಕ್ಕಲ್ಲಿ ನೋಡಿದಾಗೆಲ್ಲ ಜಾಸ್ತಿನೇ ತೋರಿಸ್ತಿತ್ತು. ಡಾಕ್ಟ್ರು, ಕೆಲವ್ರಿಗೆ ನಮ್ ಮುಖ ನೋಡಿದ್ರೇ ಬಿಪಿ ಏರತ್ತೆ, ಒಂದ್ ವಾರ ಮನೇಲೇ ನೋಡಿ ಬರ್ಕೊಂಡ್ ಬನ್ನಿ ಅಂದ್ರು. ಸರಿ ಅಂತ ಆನ್‌ಲೈನಲ್ಲಿ 1,890 ರೂಪಾಯಿಗೆ ತೋಳಿಗೆ ಕಟ್ಟೋ ಮಷೀನ್ ತರಿಸ್ದೆ. ಮಣಿಕಟ್ಟಿಗೆ ಕಟ್ಟೋದು ಇನ್ನೂ ಚಿಕ್ಕದು, ಬ್ಯಾಗಲ್ಲಿ ಇಟ್ಕೋಬೋದು, ಆದ್ರೆ ಕೈ ಸ್ವಲ್ಪ ಮೇಲೆ ಕೆಳಗೆ ಆದ್ರೂ ನಂಬರ್ ಬದಲಾಗತ್ತೆ, ಅದಕ್ಕೆ ಅದು ಬೇಡ ಅಂದಿದ್ರು.

ಮೊದಲನೇ ದಿನ ರಾತ್ರಿ ಊಟ ಆದ್ಮೇಲೆ ಉತ್ಸಾಹದಲ್ಲಿ ಕಟ್ಟಿದ್ವಿ. ಟಿವಿಲಿ ನ್ಯೂಸ್‌ನೋರ ಕಿರುಚಾಟ, ಅಪ್ಪ ಸೋಫಾ ಮೇಲೆ ಕಾಲ್ ಮೇಲೆ ಕಾಲ್ ಹಾಕ್ಕೊಂಡು, ಶರ್ಟ್ ತೋಳಿನ ಮೇಲೇ ಪಟ್ಟಿ, ಮಷೀನ್ ಗುರ್ ಅಂತಿದ್ರೆ ಇವ್ರು ಎಷ್ಟ್ ಬಂತು ಎಷ್ಟ್ ಬಂತು ಅಂತ. 172/104! ಇನ್ನೊಂದ್ಸಲ ನೋಡಿದ್ರೆ 178. ಗಾಬ್ರಿಗೆ ಬಿಪಿ ಇನ್ನೂ ಏರಿದ್ದು ಅಂತ ಆಗ ಯಾರಿಗ್ ಹೊಳೀಬೇಕು. ಅಮ್ಮ ದೇವ್ರ ಮುಂದೆ ದೀಪ ಹಚ್ಚಿ ಅಳ್ತಾ ಕೂತ್ರು, ನಾನು ಆಟೋ ಹಿಡ್ಕೊಂಡ್ ಬಂದೆ.

ನರ್ಸಿಂಗ್ ಹೋಮಲ್ಲಿ ಡ್ಯೂಟಿ ಡಾಕ್ಟ್ರು ಕೂರಿಸಿ, ಸ್ವಲ್ಪ ಹೊತ್ತು ಸುಮ್ನಿರಿ ಅಂದು, ದೊಡ್ ಪಟ್ಟಿ ಕಟ್ಟಿ ನೋಡಿದ್ರೆ 144/88. ನಮ್ ಮಷೀನ್ ಕೈಗೆ ತಗೊಂಡು ಪಟ್ಟಿ ಅಂಚು ತೋರಿಸಿದ್ರು, 22–32 ಸೆಂ.ಮೀ. ಅಂತ ಸಣ್ಣಕ್ಷರದಲ್ಲಿ ಇದೆ. ಅಪ್ಪನ ತೋಳು 35. ಪಟ್ಟಿ ಚಿಕ್ಕದಾದ್ರೆ ಬಿಪಿ ಇರೋದಕ್ಕಿಂತ ಜಾಸ್ತಿ ತೋರಿಸತ್ತಂತೆ, ಬಾಕಿದ್ದು ಟಿವಿ, ಮಾತು, ಕಾಲ್ ಮೇಲೆ ಕಾಲು ಎಲ್ಲಾ ಸೇರ್ಕೊಂಡ್ ಮಾಡಿದ್ದು. ಕಫ್ (ಪಟ್ಟಿಗೆ ಇಂಗ್ಲಿಷಲ್ಲಿ ಹಂಗಂತಾರೆ) ಸೈಜ್ ಸರಿ ಇಲ್ಲ ಅಂತ ಡಾಕ್ಟ್ರು ಅಂದ್ರೆ ಅಪ್ಪ "ನಂಗೆಲ್ಲಿ ಸಾರ್ ಕಫ, ಕೆಮ್ಮೇ ಇಲ್ವಲ್ಲ" ಅಂದ್ರು. ಆ ಟೆನ್ಷನ್ನಲ್ಲೂ ನಗು ಬಂತು.

ಮಾರನೇ ದಿನ ದೊಡ್ ಪಟ್ಟಿ ಬೇರೆ ಆರ್ಡರ್ ಮಾಡಿದೆ, 720 ರೂಪಾಯಿ. ನಂಗೆ ಸಿಟ್ಟು ಇಲ್ಲೇ. ಪಟ್ಟಿ ಅಳತೆ ಇಷ್ಟು ಮುಖ್ಯ ಅಂದ್ಮೇಲೆ ಬಾಕ್ಸ್ ಮೇಲೆ ದೊಡ್ಡದಾಗಿ ಹಾಕೋಕೇನು ರೋಗ? ಮ್ಯಾನ್ಯುಯಲ್ಲು ಇಂಗ್ಲಿಷು, ಹಿಂದಿ ಅಷ್ಟೇ, ಕನ್ನಡ ಇಲ್ಲ, ಅಕ್ಷರ ಇರುವೆ ಸಾಲು.

ಈಗ ನೋಡೋ ಕ್ರಮ ಬದಲಾಗಿದೆ. ಬೆಳಿಗ್ಗೆ ಬಾತ್ರೂಮಿಗೆ ಹೋಗಿ ಬಂದು, ಕಾಫಿ, ಮಾತ್ರೆ, ತಿಂಡಿ ಎಲ್ಲಾದಕ್ಕೂ ಮುಂಚೆ, ಬೆನ್ನು ಕುರ್ಚಿಗೆ ಒರಗಿಸಿ, ಪಾದ ನೆಲಕ್ಕೂರಿ, ಕೈ ಟೇಬಲ್ ಮೇಲೆ ಎದೆ ಮಟ್ಟಕ್ಕೆ ಇಟ್ಟು ಐದು ನಿಮಿಷ ಬಾಯಿ ಮುಚ್ಕೊಂಡು ಕೂರೋದು (ಅಪ್ಪಂಗೆ ಇದೇ ಕಷ್ಟ). ಬಟ್ಟೆ ಸರಿಸಿ ಬರೀ ತೋಳಿಗೆ, ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲೆ ಪಟ್ಟಿ. ಒಂದು ನಿಮಿಷ ಬಿಟ್ಟು ಇನ್ನೊಂದ್ಸಲ. ಸಂಜೆನೂ ಹಿಂಗೇ. ಮೊದಲನೇ ದಿನದ್ದು ಬಿಟ್ಟು ಉಳಿದಿದ್ದರ ಸರಾಸರಿ ತೆಗೀಬೇಕು, ಮನೇಲಿ 135/85ಕ್ಕಿಂತ ಕೆಳಗಿರ್ಲಿ ಅಂದಿದಾರೆ, ಕ್ಲಿನಿಕ್ಕಲ್ಲಿ ಅದೇ ಗಡಿ 140/90. ಅಪ್ಪಂದು 133/82 ಬಂತು.

ಮಷೀನ್ ಬಗ್ಗೆ ಹೇಳ್ಬೇಕು ಅಂದ್ರೆ ನಂಬರ್ ದೊಡ್ಡದು, ಕನ್ನಡಕ ಇಲ್ದೇನೂ ಕಾಣತ್ತೆ, ಒಂದೇ ಬಟನ್ನು. ಪಟ್ಟಿಲಿ ಗಾಳಿ ಇಳಿಯೋವಾಗ ರಕ್ತನಾಳದ ಮಿಡಿತ ಹಿಡಿದು ಲೆಕ್ಕ ಹಾಕತ್ತೆ, ಅದಕ್ಕೆ ಕೈ ಅಲ್ಲಾಡಿಸಿದ್ರೆ ಎರರ್. ಎದೆಬಡಿತ ಏರುಪೇರಾದ್ರೆ ಹೃದಯದ ಚಿತ್ರ ಮಿನುಗತ್ತೆ, ಮತ್ತೆ ಮತ್ತೆ ಬಂದ್ರೆ ಡಾಕ್ಟ್ರಿಗೆ ತೋರ್ಸಿ ಇಸಿಜಿ ಮಾಡಿಸ್ಕೋಬೇಕು. ನಾಲ್ಕು ಸೆಲ್ ಮೂರು ತಿಂಗ್ಳು ಬಂತು. ಮೆಮೊರಿ ಇದ್ರೂ ಅಪ್ಪ ಹಾಲಿನ ಲೆಕ್ಕದ ಪುಸ್ತಕದಲ್ಲೇ ಬರೀತಾರೆ, ಒಂದ್ ಕಡೆ ಅರ್ಧ ಲೀಟ್ರು, ಪಕ್ಕದಲ್ಲಿ 131/80.

ಒಂದು ಅಪಾಯನೂ ಇದೆ. ನಂಬರ್ ಚೆನ್ನಾಗ್ ಬರ್ತಿದ್ದಂಗೆ ಅಪ್ಪ, ಇನ್ಯಾಕೆ ಮಾತ್ರೆ ಅಂತ ನಾಲ್ಕು ದಿನ ಹೇಳ್ದೆ ಬಿಟ್ಟಿದ್ರು. ಪುಸ್ತಕದಲ್ಲಿ 150ರ ಸಾಲು ಕಂಡು ಸಿಕ್ಕಿಬಿದ್ರು. ಮಾತ್ರೆ ತಗೊಂಡಿದ್ದಕ್ಕೇ ಅಷ್ಟು ಇಳಿದಿರೋದು ಸ್ವಾಮಿ ಅಂತ ಡಾಕ್ಟ್ರು ಬೈದ್ರು. ಉಪ್ಪಿಂದೂ ಅವತ್ತೇ ಹೊರಗ್ ಬಂತು. ದಿನಕ್ಕೆ 5 ಗ್ರಾಂ ಒಳಗೆ, ಅಂದ್ರೆ ಸಾರು, ಪಲ್ಯ, ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಎಲ್ಲಾ ಸೇರಿ ಒಂದು ಟೀ ಚಮಚಕ್ಕಿಂತ ಕಮ್ಮಿ. ನಾವು ಸೈಂಧವ ಲವಣ ಹಾಕ್ತೀವಲ್ಲ ಅಂತ ಅಮ್ಮ ಜಂಬದಿಂದ ಅಂದ್ರು, ಅದೂ ಉಪ್ಪೇ ಅಮ್ಮಾ, ಅದ್ರಲ್ಲೂ ಸೋಡಿಯಮ್ಮೇ ಅಂದ್ರು ಡಾಕ್ಟ್ರು. ಸೋಡಿಯಂ ಕಮ್ಮಿ ಇರೋ ಉಪ್ಪಲ್ಲಿ ಪೊಟ್ಯಾಷಿಯಂ ಇರತ್ತೆ, ಕಿಡ್ನಿ ತೊಂದ್ರೆ ಇರೋರು, ಟೆಲ್ಮಿಸಾರ್ಟನ್ ಥರದ ಬಿಪಿ ಮಾತ್ರೆ ತಗೊಳೋರು ಕೇಳ್ದೆ ಹಾಕ್ಕೋಬೇಡಿ ಅಂತನೂ ಹೇಳಿದ್ರು. ಮನೇಲಿ ಈಗ ಉಪ್ಪಿನಕಾಯಿ ಜಾಡಿ ಅಟ್ಟದ ಮೇಲೆ, ಅಪ್ಪಂಗೆ ಮಂಡಿ ನೋವು, ಏಣಿ ಹತ್ತಲ್ಲ.

ಚಿಕ್ ಪಟ್ಟಿ ವಾಪಸ್ ತಗೊಳಲ್ಲ ಅಂದ್ರು ಮಾರಿದೋರು. ಅಮ್ಮನ ತೋಳು 27, ಅವ್ರಿಗೆ ಸರಿಯಾಗತ್ತೆ. ನೋಡಿದ್ರೆ 118/76. ಅಪ್ಪ ಎರಡು ಸಲ ಕೇಳಿದ್ರು, ಸರಿಯಾಗ್ ಕಟ್ಟಿದ್ಯೇನೋ ಅಂತ.