ಒಂಬತ್ತು ಸ್ವಿಚ್ಚಿನ ಟೆಸ್ಟರ್ ಒತ್ತಿ ನೋಡಿ ತೊಂಬತ್ತು ಸ್ವಿಚ್ ತಗೋಬ್ಯಾಡ್ರಿ

ಬಾಗಲಕೋಟಿ ನವನಗರದಾಗ ನಂದೊಂದು ಡಿಟಿಪಿ ಅಂಗಡಿ ಐತಿ, ಅಂಗಡಿ ಅಂದ್ರ ಮನಿ ಮುಂದಿನ ಖೋಲಿ ಅಷ್ಟ. ಲಗ್ನಪತ್ರಿಕೆ, ಅರ್ಜಿ, ಪಿಎಚ್‌ಡಿ ಮಾಡೋರ ಪ್ರಬಂಧ, ಎಲ್ಲಾ ನುಡಿ ಅನ್ನೂ ಕನ್ನಡ ತಂತ್ರಾಂಶದ ಲೇಔಟಿನಾಗ ಹೊಡೀತೀನಿ, ದಿನಕ್ಕ ಎಂಟು ತಾಸು ಕೈ ಕೀಬೋರ್ಡ್ ಮ್ಯಾಲೇ ಇರ್ತಾವು. ನಾನೂರು ರೂಪಾಯಿ ರಬ್ಬರ್ ಕೀಬೋರ್ಡ್ ವರ್ಷಕ್ಕೊಂದು ಕೆಡತಿತ್ತು, ಅದರಾಗೂ ಮೊದ್ಲ ಹೋಗೂದು ಎಫ್ ಕೀ, ಯಾಕಂದ್ರ ನುಡ್ಯಾಗ ಒತ್ತಕ್ಷರ ಬರೀಬೇಕಂದ್ರ ನಡುವ ಎಫ್ ಒತ್ತಬೇಕಲ್ಲ, ಒತ್ತಕ್ಷರ ಇಲ್ಲದ ಸಾಲು ಕನ್ನಡದಾಗ ಎಲ್ಲೈತಿ ಹೇಳ್ರಿ.

ಬೆಳಗಾವ್ಯಾಗ ಇಂಜಿನಿಯರಿಂಗ್ ಓದೂ ನಮ್ಮ ಅಕ್ಕನ ಮಗ ದೀಪಾವಳಿ ಸೂಟಿಗೆ ಬಂದಾಂವ ಇದನ್ನ ನೋಡಿ "ಮಾಮಾ, ಒಂದು ಮೆಕ್ಯಾನಿಕಲ್ ಕೀಬೋರ್ಡ್ ನೀನ ಜೋಡಿಸ್ಕೋ, ಹತ್ತು ವರ್ಷ ನೋಡೂದು ಬ್ಯಾಡ" ಅಂದ. ಮೆಕ್ಯಾನಿಕಲ್ ಅಂದ್ರ ಒಂದೊಂದು ಕೀ ಕೆಳಗೂ ಸ್ಪ್ರಿಂಗಿನ ಒಂದೊಂದು ಸ್ವಿಚ್ ಇರೂ ಕೀಬೋರ್ಡ್. ಬ್ಯಾಗಿನಿಂದ ಒಂದು ಸಣ್ಣ ಪ್ಲಾಸ್ಟಿಕ್ ಹಲಗಿ ತಗದ, ಅದರಾಗ ಒಂಬತ್ತು ಸ್ವಿಚ್, ಬಣ್ಣ ಬಣ್ಣದವು, ಸ್ವಿಚ್ ಟೆಸ್ಟರ್ ಅಂತಾರಂತ. ಕೆಂಪು ಸೀದಾ ಇಳಿಯೂದು, ಕಂದು ನಡುವ ಸಣ್ಣದೊಂದು ತಡೆ ಕೊಡೂದು, ನೀಲಿ ತಡೆ ಕೊಟ್ಟು ಮ್ಯಾಲೆ ಟಿಕ್ ಅಂತ ಸಪ್ಪಳಾನೂ ಮಾಡೂದು. ನಾ ತೋರುಬೆರಳಿಲೆ ಒಂದೊಂದ ಒತ್ತಿಕೋತ ಕುಂತ್ನಿ. ನೀಲಿ ಒತ್ತಿದ ಕೂಡ್ಲೆ ಮನಸ್ಸು ಸೋತು ಹೋತು, ಹಳೇ ಟೈಪ್‌ರೈಟರ್ ನೆನಪಾತು, ಹತ್ತು ನಿಮಿಷದಾಗ ತೀರ್ಮಾನ ಮಾಡಿಬಿಟ್ನಿ. ಆ ಹತ್ತು ನಿಮಿಷ ನನಗ ನಾಲ್ಕು ಸಾವಿರ ಚಿಲ್ಲರೆ ರೂಪಾಯಿಗೆ ಬಿತ್ತು.

ಆನ್‌ಲೈನ್ ಅಂಗಡಿ ಒಂದರಾಗ, ಹೆಸರು ಬ್ಯಾಡ, 87 ಕೀ ಇರೂ ಹಾಟ್‌ಸ್ವ್ಯಾಪ್ ಕಿಟ್ ತರಿಸಿದ್ನಿ, ಅಂದ್ರ ಸೋಲ್ಡರ್, ಅಂದ್ರ ಬೆಸುಗೆ, ಹಚ್ಚದನ ಸ್ವಿಚ್ ಹಾಕಿ ತಗೀಬಹುದು, ಇದೊಂದು ಬುದ್ಧಿವಂತಿಕೆ ಮಾಡಿದ್ನಿ ಅನ್ನೂದಷ್ಟ ಸಮಾಧಾನ. ಅದರ ಜೋಡಿ 90 ನೀಲಿ ಸ್ವಿಚ್. ಬಂದ ಮ್ಯಾಲೆ ನೋಡಿದ್ರ ಸ್ವಿಚ್ಚಿಗೆ ಐದು ಕಾಲು, ಕಿಟ್ಟಿನ ಸರ್ಕಿಟ್ ಬೋರ್ಡಿಗೆ ಮೂರೇ ತೂತು. ಎರಡು ತಾಮ್ರದ ಪಿನ್, ನಡುವ ದಪ್ಪನ ಪ್ಲಾಸ್ಟಿಕ್ ಕಾಲು ಎಲ್ಲಾದಕ್ಕೂ ಇರ್ತಾವು, ಐದು ಕಾಲಿನದಕ್ಕ ಆಜೂಬಾಜೂ ಇನ್ನೆರಡು ಪ್ಲಾಸ್ಟಿಕ್ ಗೂಟ ಇರ್ತಾವು, ಅವು ಬರೇ ಅಲ್ಲಾಡದಂಗ ಹಿಡಿಯಾಕ. ಕತ್ತರಿಸಿದ್ರ ನಡೀತೈತಿ ಅಂತ ಅಳಿಯ ಫೋನಿನಾಗ ಹೇಳಿದ, ನಾ ನೇಲ್ ಕಟರ್ ಹಿಡಕೊಂಡು 87 ಸ್ವಿಚ್ಚಿನ 174 ಗೂಟ ಕತ್ತರಿಸಿದ್ನಿ. ಕತ್ತರಿಸಿದ ಮ್ಯಾಲೆ ಮಾಲು ವಾಪಸ್ ಇಲ್ಲಂತ, ಅದು ಆಮ್ಯಾಲೆ ಗೊತ್ತಾತು. ಬೆರಳ ಬೊಬ್ಬಿ ಹೋಗಾಕ ಒಂದು ವಾರ ಬೇಕಾತು.

ಹಾಕೂ ಮುಂದ ನಾಲ್ಕು ಪಿನ್ ಡೊಂಕಾದ್ವು, ಅವನ್ನ ಚಿಮಟಿಗಿಲೆ ಸೀದಾ ಮಾಡಿದ್ನಿ. ಎಂಟರ್ ಕೀ ಮಾತ್ರ ಜೋರಲೆ ಒತ್ತಿದ್ದಕ್ಕ ಬೋರ್ಡಿನ ಹಿಂದ ಪಿನ್ ಹಿಡಿಯೂ ಸಾಕೆಟ್ಟ ಕಿತ್ತು ಬಂತು. ಹಿಂದ ಬೆರಳು ಆಸರ ಕೊಟ್ಟು ಒತ್ತಬೇಕಂತ, ಯಾರಿಗೆ ಗೊತ್ತಿತ್ರೀ. ಮೊಬೈಲ್ ರಿಪೇರಿ ಹುಡುಗನ ಕಡೆ ಒಯ್ದು ಸೋಲ್ಡರ್ ಹಚ್ಚಿಸ್ಕೊಂಡು ಬಂದ್ನಿ, ಇನ್ನೂರು ರೂಪಾಯಿ.

ಇಷ್ಟೆಲ್ಲಾ ಆದ್ರೂ ಖುಷೀನ ಇದ್ನಿ. ಖರೇ ತ್ರಾಸು ಟೈಪ್ ಮಾಡಾಕ ಕುಂತ ಮ್ಯಾಲೆ ಶುರು ಆತು.

ನಮ್ಮಪ್ಪ ಗುಳೇದಗುಡ್ಡದಾಗ ಖಣ ನೇದಾಂವ, ಕುಣಿ ಮಗ್ಗದಾಗ ಕಾಲಿಟ್ಟು ನಲವತ್ತು ವರ್ಷ ಕಳದಾಂವ. ರಾತ್ರಿ ಹನ್ನೊಂದಕ್ಕ ನಾ ಪ್ರಬಂಧ ಹೊಡಿಯಾಕ ಹತ್ತಿದ್ನಿ, ಅಂವ ಎದ್ದು ಬಂದು ಬಾಗಲದಾಗ ನಿಂತು "ತಮ್ಮಾ, ಮಗ್ಗ ಮಾರಿ ಈ ಊರಿಗೆ ಬಂದೀವಿ, ಮತ್ತ ಮನ್ಯಾಗ ಮಗ್ಗ ಹೂಡೀಯೇನು" ಅಂದ. ಟೆಸ್ಟರಿನಾಗ ಒಂದು ಟಿಕ್ ಕೇಳಾಕ ಚಂದ, ನಿಮಿಷಕ್ಕ ಇನ್ನೂರು ಟಿಕ್ ಪಕ್ಕದ ಖೋಲ್ಯಾಗ ಮಲಗಿದಾಂವಗ ಚಂದ ಇರೂದಿಲ್ಲ. ಹಗಲಿ ಗಿರಾಕಿ ಎದುರು ಕುಂತು ಹೆಸರು ಹೇಳಿದ್ರ ನನಗ ಕೇಳೂದಿಲ್ಲ, "ಏನಂದ್ರಿ ಸರ" ಅಂತ ಎರಡೆರಡು ಸಲ ಕೇಳೂದಾತು.

ಅದಕ್ಕಿಂತ ದೊಡ್ಡದು ಅಕ್ಷರ ತಪ್ಪೂದು. ನೀಲಿ ಸ್ವಿಚ್ ಒತ್ತಿಗೊಳ್ಳೂ ಜಾಗಾನೂ ಬಿಡೂ ಜಾಗಾನೂ ಒಂದ ಅಲ್ಲ, ಒತ್ತಿದ ಕೀ ಮತ್ತ ಲೆಕ್ಕಕ್ಕ ಬರಬೇಕಂದ್ರ ಅದು ಒತ್ತಿದ ಜಾಗಾಕ್ಕಿಂತ ಇನ್ನೂ ಮ್ಯಾಲೆ ಎದ್ದಿರಬೇಕು. ನಾ ಬೆರಳು ಅರ್ಧ ಎತ್ತಿ ಮತ್ತ ಒತ್ತೂ ರೂಢಿಯಾಂವ. ಅಕ್ಕ ಅಂತ ಬರಿಯಾಕ ಕೆ, ಎಫ್, ಮತ್ತ ಕೆ, ಆ ಎರಡನೇ ಕೆ ಬೀಳ್ತಿದ್ದಿಲ್ಲ. ಒಂದು ಲಗ್ನಪತ್ರಿಕ್ಯಾಗ "ಅಕ್ಕನ ಮಕ್ಕಳು" ಅನ್ನೂದು "ಅಕ್ನ ಮಕ್ಕಳು" ಆಗಿ ಪ್ರಿಂಟಿಗೆ ಹೋತು, ಐದುನೂರು ಪ್ರತಿ, ನನ್ನ ಖರ್ಚಿಲೆ ಮತ್ತ ಹೊಡಿಸಿಕೊಟ್ನಿ. ಆ ಗಿರಾಕಿ ಸಿಟ್ಟೇನ ಮಾಡಲಿಲ್ಲ, ನಕ್ಕ, ಅದ ಹೆಚ್ಚು ಸಂಕಟ.

ಕೈ ನೋವು ಬ್ಯಾರೆ. ಸ್ವಿಚ್ ಮಾಡೂ ಚೆರಿ ಕಂಪನಿಯ ನೀಲಿಗೆ ಟಿಕ್ ಅನ್ನೂ ಹೊತ್ತಿಗೆ ಹೆಚ್ಚು ಕಡಿಮಿ 60 ಗ್ರಾಮ್ ಭಾರ ಬೇಕು, ಕೆಂಪಿಗೆ ಅಕ್ಷರ ಬೀಳೂ ಹೊತ್ತಿಗೆ 45. ಈ ಬಣ್ಣದ ಹೆಸರು ಅವರಿಂದ ಬಂದದ್ದು, ಬ್ಯಾರೆಯವರೂ ಅದ ಬಣ್ಣ ಹಚ್ಚತಾರ, ಹಂಗಂತ ಭಾರ ಒಂದ ಇರತೈತಿ ಅಂತ ತಿಳ್ಕೋಬ್ಯಾಡ್ರಿ, ನಾ ತಗೊಂಡದ್ದು ಇನ್ನೂ ಗಟ್ಟಿ ಅನ್ನಿಸ್ತಿತ್ತು. ಹದಿನೈದು ಗ್ರಾಮ್ ಏನ್ ಮಹಾ ಅಂತ ನಾನೂ ಅಂದ್ಕೊಂಡಿದ್ನಿ, ಸಂಜಿ ನಾಲ್ಕಕ್ಕ ಎಡಗೈ ತೋರುಬೆರಳು, ಅದ ಎಫ್ ಒತ್ತೂ ಬೆರಳು, ರೊಟ್ಟಿ ಮುರಿಯಾಕ ಬಾರದಂಗ ಆತು.

ಆಮ್ಯಾಲೆ ಕುಂತು ವಿಚಾರ ಮಾಡಿದಾಗ ಟೆಸ್ಟರ್ ಯಾಕ ಮೋಸ ಮಾಡತೈತಿ ಅಂತ ತಿಳೀತು. ಅದರಾಗ ನಾವು ಒಂದ ಬೆರಳಿಲೆ, ಮ್ಯಾಲಿಂದ, ತಳಾ ಮುಟ್ಟೂ ತನಕ ಒತ್ತತೀವಿ, ಪೂರ್ತಿ 4 ಮಿಲಿಮೀಟರ್, ಆದ್ರ ಅಕ್ಷರ ಬೀಳೂದು 2 ಮಿಲಿಮೀಟರ್ ಆಜೂಬಾಜೂನ. ಹಿಂಗಾಗಿ ಕೈಗೆ ಸಿಗೂದು ಬರೇ ತಳದ ಪೆಟ್ಟು. ಕೀಬೋರ್ಡಿನಾಗ ಸ್ವಿಚ್ ಹಿಡಕೊಳ್ಳೂ ಪ್ಲೇಟ್ ಅಲ್ಲಿಲ್ಲ, ಬೋರ್ಡಿಲ್ಲ, ಡಬ್ಬಿ ಇಲ್ಲ, ಅದಕ್ಕ ಸಪ್ಪಳಾನೂ ಬ್ಯಾರೆ. ಸ್ಪೇಸ್‌ಬಾರ್ ಕೆಳಗಿನ ತಂತಿ ಗಡಗಡ ಅನ್ನೂದಂತೂ ಟೆಸ್ಟರಿನಾಗ ಇರೂದ ಇಲ್ಲ. ವಿಡಿಯೋ ಕೇಳಿ ತಗೋಳೂರ ಕಥಿ ಇನ್ನೂ ಕಷ್ಟ, ಮೈಕ್ ಎಲ್ಲಿಟ್ಟಾನೋ ಏನೋ.

ಹಂಗಂತ ಟೆಸ್ಟರ್ ತಗೋಬ್ಯಾಡ್ರಿ ಅನ್ನೂದಿಲ್ಲ, ಬ್ಯಾಡಾದ್ದನ್ನ ಬಿಡಾಕ ಅದು ಸಾಕು. ಆರಸಾಕ ಸಾಲೂದಿಲ್ಲ. ಹಾಟ್‌ಸ್ವ್ಯಾಪ್ ಬೋರ್ಡ್ ಇದ್ರ ಯಾವುದು ಮನಸ್ಸಿಗೆ ಬಂತೋ ಅದನ್ನ ಬರೇ ಹತ್ತು ತರಿಸ್ರಿ, ನೀವು ಭಾಳ ಒತ್ತೂ ಕೀಗೆ ಹಾಕ್ರಿ, ನುಡಿ ಹೊಡಿಯೋರಾದ್ರ ಎಫ್‌ಗೆ ಮೊದ್ಲ, ಸ್ಪೇಸಿಗೂ ಒಂದು, ನಾಲ್ಕು ದಿನ ನಿಮ್ಮ ಟೇಬಲ್ಲಿನಾಗ ನಿಮ್ಮ ಕೆಲಸಾನ ಮಾಡ್ರಿ. ಗೆಳೆಯಾರ ಕಡೆ ಜೋಡಿಸಿದ್ದು ಇದ್ರ ಒಂದು ಪೂರ್ತಿ ಪುಟ ಕನ್ನಡ ಹೊಡೀರಿ, ಇಂಗ್ಲಿಷ್ ಹೊಡದು ಏಳಬ್ಯಾಡ್ರಿ. ಕಾಲು ಮೂರೋ ಐದೋ ಅಂತ ಕೇಳಿ ಆಮ್ಯಾಲೆ ರೊಕ್ಕ ಹಾಕ್ರಿ.

ನಾ ಕಡೀಕ 40 ಕಂದು ಸ್ವಿಚ್ ತರಿಸಿ ಅಕ್ಷರದ ಕೀಗೆಲ್ಲಾ ಹಾಕ್ಕೊಂಡೀನಿ, ಪೂರ್ತಿ ಬದಲಿ ಮಾಡಾಕ ರೊಕ್ಕ ಇರಲಿಲ್ಲ, ಅದಕ್ಕ ಅಂಕಿ ಸಾಲಿನಾಗ ನೀಲಿನ ಉಳದಾವು. ಈಗ ಒಳಗ ಮಲಗಿದ ಅಪ್ಪಗ ನಾಲ್ಕು ಟಿಕ್ ಕೇಳಿಸಿದ್ರ "ಯಾರದೋ ಬಿಲ್ ಮಾಡಾಕ ಹತ್ಯಾನ" ಅಂತ ಗೊತ್ತಾಗತೈತಂತ.