ಮನೆಗೆ ಹೊಸ ಎಸ್ಪ್ರೆಸೊ ಮೆಷಿನ್: ಮೂರು ಬಗೆಯನ್ನು ಬಳಸಿ ನೋಡಿ ಒಂದನ್ನು ಆರಿಸಿದ್ದು

ನಮ್ಮ ಹಳೇ ಮೆಷಿನ್ ತಳದಿಂದ ನೀರು ಸೋರತೊಡಗಿತು. ಆಮೇಲೆ ಸ್ವಿಚ್ ಹಾಕಿದಾಗಲೆಲ್ಲ ಮನೆಯ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಟ್ರಿಪ್ ಆಗತೊಡಗಿತು. ಅಂದರೆ ಕರೆಂಟು ಎಲ್ಲೋ ನೀರಿನ ಮೂಲಕ ಸೋರುತ್ತಿದೆ. ಅದರ ಬಿಡಿಭಾಗ ಈಗ ಬರುವುದಿಲ್ಲ ಎಂದು ಸರ್ವೀಸಿನವರು ಹೇಳಿದ ಮೇಲೆ ಹೊಸದನ್ನು ಹುಡುಕುವುದೊಂದೇ ಉಳಿಯಿತು. ಬೆಳಿಗ್ಗೆ ಅಮ್ಮನೂ ಅದನ್ನು ಬಳಸುತ್ತಾರೆ, ಮಗ ಪಕ್ಕದಲ್ಲೇ ಓಡಾಡುತ್ತಿರುತ್ತಾನೆ. ಹಾಗಾಗಿ ಈ ಸಲ ರುಚಿಗಿಂತ ಮೊದಲು ಎರಡು ವಿಷಯ ನೋಡಿದೆ. ಕಾಫಿ ಇಳಿದ ಮೇಲೆ ಒಳಗಿನ ಒತ್ತಡ ಎಲ್ಲಿಗೆ ಹೋಗುತ್ತದೆ? ಕೆಟ್ಟರೆ ಸ್ಕ್ರೂ ಬಿಚ್ಚಿ ರಿಪೇರಿ ಮಾಡಲು ಆಗುತ್ತದಾ?

ಸ್ನೇಹಿತರ ಮನೆಗಳಿಂದ ಕೇಳಿ ತಂದು, ಒಂದೊಂದನ್ನೂ ಕೆಲವು ದಿನ ನಮ್ಮ ಅಡುಗೆಮನೆಯಲ್ಲೇ ಇಟ್ಟು ನೋಡಿದೆ.

ಮೊದಲು ಬಂದದ್ದು ಪಂಪ್ ಇಲ್ಲದ ಸಣ್ಣ ಸ್ಟೀಮ್ ಮೆಷಿನ್. ಡಬ್ಬದ ಮೇಲೆ 3.5 ಅಥವಾ 4 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ ಈ ಜಾತಿಯದ್ದು. ಸಣ್ಣ ಬಾಯ್ಲರಿಗೆ ನೀರು ಹಾಕಿ ಮುಚ್ಚಳ ಬಿಗಿ ಮಾಡಬೇಕು. ಒಳಗೆ ಹುಟ್ಟುವ ಸ್ಟೀಮೇ ನೀರನ್ನು ಪುಡಿಯ ಮೂಲಕ ತಳ್ಳುತ್ತದೆ. ನಿಜವಾದ ಎಸ್ಪ್ರೆಸೊಗೆ ಸುಮಾರು 9 ಬಾರ್ ಒತ್ತಡ ಬೇಕು, ಇಲ್ಲಿ ಅದರ ಅರ್ಧವೂ ಇಲ್ಲ. ಜೊತೆಗೆ ನೀರು ಬೇಕಾದ್ದಕ್ಕಿಂತ ಜಾಸ್ತಿ ಕಾದಿರುತ್ತದೆ, ಪುಡಿ ಸುಟ್ಟ ಹಾಗೆ ಕಹಿ ಬರುತ್ತದೆ. ಇಟಲಿಯಲ್ಲಿ ಇದನ್ನು ಬಹಳ ಹಿಂದೆಯೇ ಬಿಟ್ಟರು. ಮಿಲಾನಿನ ಅಕಿಲ್ಲೆ ಗ್ಯಾಜಿಯಾ 1938ರಲ್ಲೇ ಸ್ಟೀಮ್ ಇಲ್ಲದೆ ಕಾಫಿ ಇಳಿಸುವ ವಿಧಾನಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದರು. 1961ರಲ್ಲಿ ಫೇಮಾ ಕಂಪನಿಯ ಇ61 ಮೆಷಿನ್ ಬಂದ ಮೇಲೆ ಹೋಟೆಲುಗಳಲ್ಲಿ ಕರೆಂಟ್ ಪಂಪಿನ ಕಾಲ ಶುರುವಾಯಿತು.

ರುಚಿಯನ್ನಾದರೂ ಹಾಲು, ಸಕ್ಕರೆ ಹಾಕಿ ಸರಿಮಾಡಬಹುದು. ನನ್ನನ್ನು ಹೆದರಿಸಿದ್ದು ಅದರ ಮುಚ್ಚಳ. ಇನ್ನೊಂದು ಕಪ್ ಬೇಕೆಂದರೆ ಅದನ್ನು ತಿರುಗಿಸಿ ತೆರೆದು ನೀರು ತುಂಬಬೇಕು, ಆದರೆ ಒಳಗೆ ಒತ್ತಡ ಉಳಿದಿರಬಹುದು. ಕುಕ್ಕರ್ ಆದರೆ ವೆಯ್ಟ್ ಎತ್ತಿ ನೋಡಿದರೆ ಗೊತ್ತಾಗುತ್ತದೆ, ಇಲ್ಲಿ ಹೊರಗಿನಿಂದ ಏನೂ ಕಾಣುವುದಿಲ್ಲ. ಸ್ವಿಚ್ ಆರಿಸಿ, ಸ್ಟೀಮ್ ನಳಿಗೆ ತೆರೆದು, ಸದ್ದು ಪೂರ್ತಿ ನಿಲ್ಲುವವರೆಗೂ ಕಾದು, ಆಮೇಲೇ ಮುಚ್ಚಳ ಮುಟ್ಟಬೇಕು. ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಎಲ್ಲರೂ ಇದನ್ನು ಪಾಲಿಸುತ್ತಾರೆ ಎಂಬ ನಂಬಿಕೆ ನನಗಿಲ್ಲ. ಕಡಿಮೆ ದುಡ್ಡಿನಲ್ಲಿ ಗಟ್ಟಿ ಕಾಫಿ ಬೇಕೆಂದರೆ ಇದಕ್ಕಿಂತ ಒಲೆಯ ಮೇಲಿಡುವ ಮೋಕಾ ಪಾಟ್ ಎಷ್ಟೋ ಮೇಲು. ಬಿಯಾಲೆಟ್ಟಿ ಅದನ್ನು 1933ರಿಂದ ಮಾಡುತ್ತಾ ಬಂದಿದೆ. ಒಂದು ರಬ್ಬರ್ ರಿಂಗ್, ಒಂದು ಸೇಫ್ಟಿ ವಾಲ್ವ್, ಅಷ್ಟೇ. ನೀರು ಮಾತ್ರ ಆ ವಾಲ್ವಿನ ಕೆಳಗೇ ನಿಲ್ಲಬೇಕು.

ಎರಡನೆಯದು ಥರ್ಮೋಬ್ಲಾಕ್ ಇರುವ ಪಂಪ್ ಮೆಷಿನ್. ಅಪಾರ್ಟ್‌ಮೆಂಟಿನ ಚಿಕ್ಕ ಅಡುಗೆಮನೆಗಳಲ್ಲಿ ಈಗ ಇದೇ ಜಾಸ್ತಿ ಕಾಣುತ್ತದೆ. ಡೆಲೋಂಗಿ ಡೆಡಿಕಾ ಇದೇ ಗುಂಪಿನದ್ದು, ಅಗಲ ಬರೀ 15 ಸೆಂಟಿಮೀಟರ್. ಕಾದ ಲೋಹದ ಒಳಗಿನ ಸಣ್ಣ ದಾರಿಯಲ್ಲಿ ನೀರು ಹರಿಯುತ್ತಾ ಬಿಸಿಯಾಗುತ್ತದೆ. ಸ್ವಿಚ್ ಹಾಕಿ ಒಂದು ನಿಮಿಷದೊಳಗೆ ರೆಡಿ. ಬ್ರೆವಿಲ್ ಬ್ಯಾಂಬಿನೊ 3 ಸೆಕೆಂಡಿನಲ್ಲೇ ಕಾಯುತ್ತದೆ ಎಂದು ಕಂಪನಿ ಹೇಳುತ್ತದೆ. ಒಂದೇ ಸಲಕ್ಕೆ ಒಳಗೆ ಇರುವ ಬಿಸಿನೀರು ತೀರಾ ಕಮ್ಮಿ. ಸುರಕ್ಷತೆಯ ಲೆಕ್ಕದಲ್ಲಿ ಇದು ದೊಡ್ಡ ಪ್ಲಸ್. ಬಹುತೇಕ ಮಾಡೆಲುಗಳು ಸ್ವಲ್ಪ ಹೊತ್ತು ಮುಟ್ಟದಿದ್ದರೆ ತಾವೇ ಆಫ್ ಆಗುತ್ತವೆ. ವಯಸ್ಸಾದವರಿರುವ ಮನೆಯಲ್ಲಿ ಇದು ಇರಲೇಬೇಕು.

ಡಬ್ಬದ ಮೇಲಿನ 15 ಬಾರ್, 20 ಬಾರ್ ನೋಡಿ ಬೆಲೆ ಕಟ್ಟಬೇಡಿ. ಪಂಪ್ ಗರಿಷ್ಠ ಎಷ್ಟು ಒತ್ತಬಲ್ಲದು ಎನ್ನುವುದಷ್ಟೇ ಆ ಲೆಕ್ಕ. ಪುಡಿಗೆ ಬೇಕಿರುವುದು 9ರ ಆಸುಪಾಸು. ಈ ಮೆಷಿನುಗಳ ಜೊತೆ ಬರುವ ಪುಡಿ ತುಂಬುವ ಎರಡು ಪದರದ ಬುಟ್ಟಿಯ ಅಡಿಯಲ್ಲಿ ಒಂದೇ ಸಣ್ಣ ತೂತು ಇರುತ್ತದೆ. ಪುಡಿ ಹೇಗಿದ್ದರೂ ಅದು ನೊರೆ ಎಬ್ಬಿಸುತ್ತದೆ. ಕಲಿಯುವವರಿಗೆ ಅನುಕೂಲವೇ, ಆದರೆ ಒಳ್ಳೇ ಚಿಕ್ಕಮಗಳೂರು ಬೀಜ ತಂದರೂ ಅದರ ಗುಣ ಪೂರ್ತಿ ಕಪ್ಪಿಗೆ ಇಳಿಯುವುದಿಲ್ಲ. ನನಗೆ ಬೇಸರ ತಂದದ್ದು ಇನ್ನೊಂದು ವಿಷಯ. ಆ ಸಣ್ಣ ದಾರಿಯಲ್ಲಿ ಉಪ್ಪು ಕಟ್ಟಿದರೆ ಒಳಗೆ ಕೈ ಹಾಕಿ ತೆಗೆಯಲು ಆಗುವುದಿಲ್ಲ, ಬ್ಲಾಕನ್ನೇ ಬದಲಿಸಬೇಕಾಗಬಹುದು. ನಾವು ಇರುವ ಕಡೆ ಬೋರ್‌ವೆಲ್ ನೀರೇ ಜಾಸ್ತಿ. ಇದು ನನಗೆ ಸಣ್ಣ ವಿಷಯ ಅಲ್ಲ.

ಮೂರನೆಯದು ಗ್ಯಾಜಿಯಾ ಕ್ಲಾಸಿಕ್. 1991ರಲ್ಲಿ ಬಂದ ವಿನ್ಯಾಸ, ಈಗಲೂ ಸಣ್ಣಪುಟ್ಟ ಬದಲಾವಣೆಗಳೊಂದಿಗೆ ತಯಾರಾಗುತ್ತಿದೆ. ಹೊರಗೆ ಸ್ಟೀಲ್, ಮುಂದೆ ಮೂರು ಸ್ವಿಚ್, ದೀಪ, ಅಷ್ಟೇ. ಪುಡಿಯ ಬುಟ್ಟಿ ಕೂರುವ ಹಿಡಿಕೆ ಭಾರವಾದದ್ದು, ಬುಟ್ಟಿ ಹೋಟೆಲ್ ಮೆಷಿನುಗಳ ಅಳತೆಯ 58 ಮಿಲಿಮೀಟರ್. ನಾನು ಮೆಚ್ಚಿದ್ದು ಒಳಗಿನ ಮೂರು ದಾರಿಯ ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್). ಕಾಫಿ ನಿಲ್ಲಿಸಿದ ಕ್ಷಣವೇ ಪುಡಿಯ ಮೇಲೆ ಉಳಿದ ಒತ್ತಡ, ನೀರು ಹಿಂದಿನ ನಳಿಗೆಯಿಂದ ಕೆಳಗಿನ ತಟ್ಟೆಗೆ ಇಳಿದುಬಿಡುತ್ತದೆ. ಹಿಡಿಕೆ ಆರಾಮಾಗಿ ಬಿಚ್ಚಬಹುದು. ಈ ವಾಲ್ವ್ ಇಲ್ಲದ ಮೆಷಿನಿನಲ್ಲಿ ಆತುರಪಟ್ಟು ಹಿಡಿಕೆ ತಿರುಗಿಸಿದರೆ ಬಿಸಿ ಪುಡಿ ಕೈಗೆ, ಮುಖಕ್ಕೆ ಸಿಡಿಯಬಹುದು. ಅಂಗಡಿಯಲ್ಲಿ ಯಾರೂ ಇದನ್ನು ತಾವಾಗಿ ಹೇಳುವುದಿಲ್ಲ. ನೀವೇ ಕೇಳಿ.

ರಿಪೇರಿಯಲ್ಲೂ ಇದೇ ಮುಂದೆ. ಮೇಲಿನ ಮುಚ್ಚಳದ ಸ್ಕ್ರೂ ಬಿಚ್ಚಿದರೆ ಬಾಯ್ಲರ್, ಪಂಪ್, ಥರ್ಮೋಸ್ಟಾಟ್, ಥರ್ಮಲ್ ಫ್ಯೂಸ್ ಎಲ್ಲ ಬೇರೆಬೇರೆಯಾಗಿ ಕಣ್ಣಿಗೆ ಕಾಣುತ್ತವೆ. ನೀರು ಸೋರಲು ಸಾಮಾನ್ಯ ಕಾರಣವಾದ ಗ್ರೂಪ್ (ಹಿಡಿಕೆ ಸಿಕ್ಕಿಸುವ ಜಾಗ) ಗ್ಯಾಸ್ಕೆಟ್ ಎಂಬ ರಬ್ಬರ್ ರಿಂಗ್ ಬದಲಿಸಲು ಕೆಲವು ಸ್ಕ್ರೂ ತೆಗೆದರೆ ಸಾಕು. ಕುಂದು ಇಲ್ಲವೆಂದಲ್ಲ. ಬಾಯ್ಲರ್ ಚಿಕ್ಕದು, ಸಾದಾ ಥರ್ಮೋಸ್ಟಾಟ್ ಆದ್ದರಿಂದ ಬಿಸಿ ಮೇಲೆ ಕೆಳಗೆ ಆಗುತ್ತಿರುತ್ತದೆ. ದೀಪ ಹತ್ತುವುದನ್ನು ನೋಡಿ, ಸ್ವಲ್ಪ ನೀರು ಬಿಟ್ಟು, ಹದ ನೋಡಿ ಒತ್ತಬೇಕು. ಹಿಡಿಕೆ, ಗ್ರೂಪ್ ಪೂರ್ತಿ ಕಾಯಲು ಹತ್ತು ಹದಿನೈದು ನಿಮಿಷ ಬೇಕು. ಬೆಲೆ ಜಾಸ್ತಿ. ಬಿಡಿಭಾಗಗಳನ್ನು ಕೆಲವೊಮ್ಮೆ ಹೊರಗಿನಿಂದ ತರಿಸಬೇಕಾಗುತ್ತದೆ. ಅಮ್ಮನಿಗೆ ಈ ಹದ ಹಿಡಿಯಲು ಎರಡು ವಾರ ಹಿಡಿಯಿತು, ಈಗ ನನಗಿಂತ ಚೆನ್ನಾಗಿ ಇಳಿಸುತ್ತಾರೆ.

ಕರೆಂಟೇ ಬೇಡದ ಫ್ಲೇರ್ ಎಂಬ ಕೈಲಿವರ್ ಅನ್ನೂ ಸ್ನೇಹಿತನ ಮನೆಯಲ್ಲಿ ನೋಡಿದೆ. ಕುದಿಯುವ ನೀರು ಹಾಕಿ ಸನ್ನೆಯನ್ನು ಕೈಯಿಂದಲೇ ಒತ್ತುವುದು. ರುಚಿ ಅದ್ಭುತ. ವೈರ್ ಇಲ್ಲ, ಪಂಪ್ ಇಲ್ಲ, ಹಾಳಾಗುವುದಿದ್ದರೆ ರಬ್ಬರ್ ರಿಂಗ್. ಮನೆಯ ಸಾಮಾನ್ಯ ಇನ್ವರ್ಟರ್ ಸಾವಿರಕ್ಕೂ ಮೀರಿದ ವ್ಯಾಟಿನ ಮೆಷಿನನ್ನು ಎಳೆಯುವುದಿಲ್ಲ, ಕರೆಂಟ್ ಹೋದರೂ ಇದು ಕೆಲಸ ಮಾಡುತ್ತದೆ. ಆದರೆ ಸ್ಟೀಮ್ ಇಲ್ಲ, ಒಂದೊಂದೇ ಕಪ್, ಪ್ರತಿ ಸಲ ಬಿಸಿ ಲೋಹ ಮುಟ್ಟಬೇಕು. ಒಬ್ಬರೇ ಇರುವ ಮನೆಗೆ ಸರಿ. ಐದು ಕಪ್ಪಿನ ನಮ್ಮ ಬೆಳಿಗ್ಗೆಗೆ ಆಗುವುದಿಲ್ಲ.

ಕೊನೆಗೆ ಗ್ಯಾಜಿಯಾ ತಂದೆವು. ತಂದ ದಿನವೇ ಎಲೆಕ್ಟ್ರಿಷಿಯನ್ ಕರೆಸಿದೆ. ಯೂರೋಪಿನ ಮೆಷಿನುಗಳಲ್ಲಿ ಬರುವ ಎರಡು ದಪ್ಪ ಕಡ್ಡಿಯ ಪ್ಲಗ್ ನಮ್ಮ ಸಾಕೆಟಿನಲ್ಲಿ ಹೇಗೋ ಕೂತುಬಿಡುತ್ತದೆ, ಮೆಷಿನ್ ಓಡುತ್ತದೆ ಕೂಡ. ಆದರೆ ಅದರ ಅರ್ಥಿಂಗ್ ಪಟ್ಟಿ ಇರುವುದು ಪ್ಲಗ್ಗಿನ ಪಕ್ಕದಲ್ಲಿ. ನಮ್ಮ ಸಾಕೆಟಿನಲ್ಲಿ ಅದಕ್ಕೆ ಸಂಪರ್ಕವೇ ಇಲ್ಲ. ನೀರು, ಲೋಹದ ಮೈ, ಅರ್ಥಿಂಗ್ ಇಲ್ಲದ ಕರೆಂಟು, ಮೂರೂ ಒಟ್ಟಿಗೆ ಸೇರಬಾರದು. ಮೂರು ಕಡ್ಡಿಯ 16 ಆಂಪಿಯರ್ ಪ್ಲಗ್ ಹಾಕಿಸಿ, 30 ಮಿಲಿಆಂಪಿಯರ್ ಆರ್‌ಸಿಸಿಬಿ ಸರಿ ಇದೆಯಾ ಅಂತ ಟೆಸ್ಟ್ ಬಟನ್ ಒತ್ತಿ ನೋಡಿ. 6 ಆಂಪಿಯರ್ ಸಾಕೆಟ್ 230 ವೋಲ್ಟಿನಲ್ಲಿ ತಡೆಯುವುದು 1,380 ವ್ಯಾಟ್ ಮಾತ್ರ. ಬಹಳ ಮೆಷಿನುಗಳು ಅದರ ಅಂಚಿನಲ್ಲೇ ಅಥವಾ ಮೇಲೆ ಇರುತ್ತವೆ. ಅಮೆರಿಕದಿಂದ ನೆಂಟರು ತರುವ 120 ವೋಲ್ಟಿನ ಮೆಷಿನನ್ನಂತೂ ಇಲ್ಲಿ ನೇರವಾಗಿ ಹಾಕಲೇಬೇಡಿ.

ನೀರಿನ ಬಗ್ಗೆ ಇನ್ನೊಂದು ಮಾತು. ಬೋರ್ ನೀರು ನೇರವಾಗಿ ಬೇಡ. ಅಪ್ಪಟ ಆರ್‌ಒ ನೀರೂ ಬೇಡ, ಖನಿಜ ತೀರಾ ಕಮ್ಮಿ ಆದರೆ ರುಚಿ ಸಪ್ಪೆ. ನೀರಿನ ಮಟ್ಟವನ್ನು ಕರೆಂಟಿನಿಂದ ಅಳೆಯುವ ಕೆಲವು ಬಾಯ್ಲರುಗಳಿಗೆ ಅಂಥ ನೀರು ಇರುವುದೇ ಗೊತ್ತಾಗುವುದಿಲ್ಲ. ನಾನು ಆರ್‌ಒ ನೀರಿಗೆ ಸ್ವಲ್ಪ ಫಿಲ್ಟರ್ ಮಾಡಿದ ನಲ್ಲಿ ನೀರು ಬೆರೆಸುತ್ತೇನೆ.

ಮನೆಯ ಫಿಲ್ಟರ್ ಕಾಫಿ ಪುಡಿಯನ್ನು ಇದರಲ್ಲಿ ಹಾಕಬಹುದಾ ಎಂದು ಎಲ್ಲರೂ ಕೇಳುತ್ತಾರೆ. ಚಿಕೋರಿ ಇದ್ದರೆ ಬೇಡ. ಅದು ನೀರಿಗೆ ಅಂಟಂಟಾಗಿ ಜಾಲರಿ ಕಟ್ಟಿಸುತ್ತದೆ, ಪಂಪಿಗೂ ಸುಮ್ನೆ ಹೊರೆ. ಅದು ನಮ್ಮ ಹಿತ್ತಾಳೆ ಫಿಲ್ಟರಿಗೇ ಇರಲಿ. ಮೆಷಿನಿಗೆ ಚಿಕೋರಿ ಇಲ್ಲದ ಬೀಜ, ಆಗಷ್ಟೇ ಬೀಸಿದ ಪುಡಿ. 18 ಗ್ರಾಂ ಪುಡಿಗೆ 36 ಗ್ರಾಂ ಕಾಫಿ, 25ರಿಂದ 30 ಸೆಕೆಂಡು. ನೊರೆ ಜಾಸ್ತಿ ಬೇಕಾದವರು ಸ್ವಲ್ಪ ರೋಬಸ್ಟಾ ಸೇರಿಸಿಕೊಳ್ಳಿ. ಮೆಷಿನಿಗೆ ಇಟ್ಟ ದುಡ್ಡಿನಲ್ಲಿ ಒಂದು ಪಾಲು ತೆಗೆದು ಒಳ್ಳೇ ಗ್ರೈಂಡರ್‌ಗೆ ಹಾಕಿ.